ಕೌದಿಯ ನಾಲ್ಕನೇ ಮೂಲೆ

ಯಲಹಂಕದಲ್ಲಿ ಹಿಂದೆ ಲಾರಿ ಟೈರು ತುಂಬಿಡುತ್ತಿದ್ದ ಒಂದು ಗೋದಾಮು ಈಗ ಕಲೆಯ ಜಾಗವಾಗಿದೆ. ಗೋಡೆಗಳಿಗೆ ಬಿಳಿ ಬಳಿದಿದ್ದಾರೆ. ನೆಲದ ಮೇಲಿನ ಎಣ್ಣೆ ಜಿಡ್ಡನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಅದಕ್ಕೆ ಇತಿಹಾಸ ಇದೆಯಂತೆ. ನಾನು ಮೊದಲ ಸಲ ಹೋದಾಗ ಮುರಿದ ಪ್ಲಾಸ್ಟಿಕ್ ಕುರ್ಚಿಗಳಿಗೆ ಕೆಂಪು ಉಲ್ಲನ್ ದಾರ ಸುತ್ತಿ ಚಾವಣಿಯಿಂದ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಅಂಟಿಸಿದ್ದ ಹಾಳೆಯಲ್ಲಿ ದೇಹ, ನೆನಪು, ನಗರ ಎಂಬ ಮೂರು ಪದಗಳು ಪ್ರತಿ ವಾಕ್ಯದಲ್ಲೂ ಜಾಗ ಬದಲಿಸಿಕೊಂಡು ಬರುತ್ತಿದ್ದವು. ಅವನ್ನು ಇನ್ನೊಂದು ಕ್ರಮದಲ್ಲಿ ಜೋಡಿಸಿದ್ದರೂ ಕುರ್ಚಿಗಳಿಗೆ ಏನೂ ಬೇಸರವಾಗುತ್ತಿರಲಿಲ್ಲ.

ಆ ಜಾಗ ನಡೆಸುವವನು ನನ್ನ ವಿಶ್ವವಿದ್ಯಾಲಯದ ದಿನಗಳ ಗೆಳೆಯ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಏನನ್ನೂ ಸುಮ್ಮನೆ ನಂಬಬಾರದು ಎಂದು ಇಬ್ಬರಿಗೂ ಒಂದೇ ಮೇಷ್ಟ್ರು ಕಲಿಸಿದ್ದರು. ಅವನು ಆರ್.ಟಿ. ನಗರದ ಹುಡುಗ, ಮಾತು ಬಲ್ಲವನು, ಕಲಿತದ್ದನ್ನು ಉದ್ಯೋಗ ಮಾಡಿಕೊಂಡ. ನಾನು ಲೇಖನ ಬರೆಯುತ್ತಿದ್ದೆ, ಒಂದು ಪುಸ್ತಕವೂ ಆಗಿತ್ತು, ಆಮೇಲೆ ನಿಂತುಹೋಯಿತು. ನಿಂತದ್ದು ಯಾವಾಗ ಎಂದು ಕೇಳಿದರೆ ಹೇಳಲಾರೆ. ಬರೆಯುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಾ ಹೇಳುತ್ತಾ ನಾನೇ ಅದನ್ನು ನಂಬಿದ್ದೆ.

"ಮಗಾ, ನಿಂಗೆ ಬೇಕಾಗಿರೋದು ಇನ್‌ಸ್ಪಿರೇಷನ್ ಕಣೋ," ಎಂದ ಗೆಳೆಯ. "ಕೂತು ಯೋಚ್ನೆ ಮಾಡಿದ್ರೆ ಬರಲ್ಲ. ಕೈ ಕೊಳೆ ಮಾಡ್ಕೋಬೇಕು."

"ನಿನ್ನ ಕೈ ಯಾವಾಗ ಕೊಳೆ ಆಗಿತ್ತು?"

"ನಾನು ಕ್ಯುರೇಟರ್ ಗುರು. ನಂದು ಬೇರೆ."

ಹೀಗೆ ಒಂದು ಭಾನುವಾರ, ಶನಿವಾರವೂ ಇರಬಹುದು, ಅವನ ಗೋದಾಮಿನಲ್ಲೇ ನಡೆದ ಅಚ್ಚು ಒತ್ತುವ ಶಿಬಿರಕ್ಕೆ ಹೋಗಿ ಕೂತೆ. ನನ್ನ ಸುತ್ತ ಹೆಬ್ಬಾಳದ ಎತ್ತರದ ಅಪಾರ್ಟ್‌ಮೆಂಟುಗಳಿಂದ ಬಂದವರಿದ್ದರು. ಎಲ್ಲರಿಗೂ ಒಂದೊಂದು ಬಟ್ಟೆ ಚೀಲ, ಒಂದೊಂದು ಮರದ ಅಚ್ಚು. ಅಚ್ಚು ಮೊದಲೇ ಕೆತ್ತಿದ್ದು, ಬಣ್ಣ ಮೊದಲೇ ಕಲಸಿದ್ದು, ಎಲ್ಲಿ ಒತ್ತಬೇಕೆಂದು ಚೀಲದ ಮೇಲೆ ಪೆನ್ಸಿಲಿನ ಗುರುತು ಬೇರೆ. ಉಳಿದದ್ದು ಒತ್ತುವುದೊಂದೇ. ಹೇಳಿಕೊಡುವವಳು ಎಲ್ಲರ ಹಿಂದೆ ಓಡಾಡುತ್ತಾ, "ಸೊಟ್ಟ ಬಂದ್ರೂ ಪರ್ವಾಗಿಲ್ಲ, ಅದೇ ಹ್ಯಾಂಡ್‌ಮೇಡ್ ಬ್ಯೂಟಿ" ಎನ್ನುತ್ತಿದ್ದಳು. ನಾನು ಸರಿಯಾಗಿ ಒತ್ತಿದೆ. ನನ್ನದಕ್ಕೆ ಆ ಬ್ಯೂಟಿ ಬರಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಗೃಹಸ್ಥ ಬೇಕೆಂದೇ ಸೊಟ್ಟಗೆ ಒತ್ತಿ ಫೋಟೋ ತೆಗೆಸಿಕೊಂಡ.

ಶಿಬಿರ ಮುಗಿದ ಮೇಲೆ ಗೇಟಿನ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಗೆಳೆಯನ ಮೇಲೆ ನನಗೆ ಸಿಟ್ಟು ಬಂತು. ಕೈಕೆಲಸ ಅಂದರೆ ಇದಲ್ಲ ಎಂದು ಭಾಷಣ ಶುರು ಮಾಡಿದೆ. ಭಾಷಣದ ಭರದಲ್ಲಿ ನಮ್ಮವ್ವನ ಕೌದಿಯ ಮಾತು ತೆಗೆದೆ.

ನಮ್ಮದು ಗದಗಿನ ಕಡೆಯ ಮನೆ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಸಾಲು ಹೊಲಿದು ದಪ್ಪನೆಯ ಹಾಸಿಗೆ ಮಾಡುತ್ತಾರೆ, ಅದೇ ಕೌದಿ. ನಮ್ಮ ಮನೆತನದಲ್ಲಿ ಹುಟ್ಟುವ ಕೂಸಿಗೆ ಹೊಲಿಯುವ ಕೌದಿಗೆ ಒಂದು ಕಟ್ಟಳೆ ಇದೆ. ಮೂರು ಮೂಲೆ ಮುಚ್ಚುತ್ತಾರೆ, ನಾಲ್ಕನೆಯದನ್ನು ಗೇಣಿನಷ್ಟು ಬಿಡುತ್ತಾರೆ. ಬಸುರಿಯ ಸೋದರಮಾವ ಬಂದು ಅದರೊಳಗೆ ನಾಲ್ಕು ಕಾಳು ಜೋಳ ಹಾಕಿ ಬಾಯಿ ಹೊಲಿಯಬೇಕು. ಕೂಸು ಹುಟ್ಟುವ ಮೊದಲೇ ಹೊಲಿಯಬೇಕು. ಯಾಕೆ ಎಂದು ಕೇಳಿದರೆ ಕೌದಿಯ ಹೊಟ್ಟೆ ಖಾಲಿ ಇರಬಾರದು ಎನ್ನುತ್ತಾರೆ. ಅದಕ್ಕಿಂತ ಮುಂದೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಷ್ಟನ್ನು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ನನ್ನೊಳಗೆ ಚಿಕ್ಕಂದಿನ ಒಂದು ಚಿತ್ರ ಇತ್ತು, ಅದನ್ನೂ ಹೇಳಿದೆ. ಮಳೆಗಾಲ, ಹಿತ್ತಲ ಗೋಡೆ, ಒದ್ದೆ ಬಟ್ಟೆ, ಅದರ ಮೂಲೆಯಿಂದ ನೇಯ್ಗೆಯನ್ನು ತೂರಿಕೊಂಡು ಹೊರಬಂದ ಬೆಳ್ಳನೆಯ ಮೊಳಕೆ. ಕೌದಿಯೊಳಗಿನ ಜೋಳ ಮೊಳೆತಿತ್ತು.

ಗೆಳೆಯ ಟೀ ಲೋಟ ಕೆಳಗಿಟ್ಟ. "ಮೊಳಕೆ ಬಂದಿತ್ತಾ? ಬಟ್ಟೆಯಿಂದ?"

"ಕಣ್ಣಾರೆ ನೋಡಿದೀನಿ."

"ಇದು ಕಣೋ ಇನ್‌ಸ್ಪಿರೇಷನ್ ಅಂದ್ರೆ. ಇಲ್ಲಿ ಕೂತು ಚೀಲ ಒತ್ತಿದ್ಯಲ್ಲ ಅದಲ್ಲ."

ಚೀಲ ಒತ್ತಿಸಿದವನೇ ಅವನು.

ಆ ಸಮಯಕ್ಕೆ ಸರಿಯಾಗಿ ನಾಗಸಂದ್ರದಲ್ಲಿ ನಮ್ಮಕ್ಕ ಒಂದು ಕೌದಿ ಹೊಲಿಯುತ್ತಿದ್ದಳು. ಅಕ್ಕ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಈ ಊರಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಮಾತನ್ನು ಕಿಂಚಿತ್ತೂ ಬದಲಿಸಿಲ್ಲ. ಅವಳ ಮಗಳು, ಅಂದರೆ ನನ್ನ ಸೊಸೆ, ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದಿನ ವರ್ಷ ಅವಳಿಗೆ ಆರನೇ ತಿಂಗಳಲ್ಲಿ ಬಸಿರು ಹೋಗಿತ್ತು. ಡಾಕ್ಟರು ಕಾರಣ ಹೇಳಿದ್ದರು, ಅಳಿಯ ಅದನ್ನು ನಮಗೆಲ್ಲ ಕನ್ನಡದಲ್ಲಿ ವಿವರಿಸಿದ್ದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಕೌದಿ ಹೊಲ್ದಿದ್ದಿಲ್ಲ ನಾನು. ಅಂಗಡಿಯಿಂದ ತಂದೆ," ಎಂದಿದ್ದಳು. ಆಮೇಲೆ ಆ ವಿಷಯ ಎತ್ತಿರಲಿಲ್ಲ. ಈ ಸಲ ಅವ್ವನ ಉಳಿದ ಸೀರೆಗಳನ್ನೆಲ್ಲ ಹೊರಗೆ ತೆಗೆದಿದ್ದಳು. ಕೌದಿ ಹೆರಿಗೆಗೆ ಮೊದಲು ಮುಗಿಯಬೇಕು, ಬಾಯಿ ನಾನೇ ಹೊಲಿಯಬೇಕು. ಇದನ್ನು ಅವಳು ಪ್ರತಿ ಫೋನಿನಲ್ಲೂ ಹೇಳುತ್ತಿದ್ದಳು, ಕರೆಂಟ್ ಬಿಲ್ ಕಟ್ಟು ಎನ್ನುವ ಧ್ವನಿಯಲ್ಲಿ.

ಗೆಳೆಯ ಹಟ ಹಿಡಿದು ನನ್ನ ಜೊತೆ ನಾಗಸಂದ್ರಕ್ಕೆ ಬಂದ. ಅಕ್ಕ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಅವನು ಊಟ ಬಿಟ್ಟು ಕೌದಿಯ ಸುತ್ತ ತಿರುಗಿದ. ಮೂರು ಮೂಲೆ ಮುಚ್ಚಿತ್ತು, ಒಂದು ತೆರೆದಿತ್ತು.

"ಅಕ್ಕಾ, ಇದನ್ನ ನಮ್ಮ ಶೋಗೆ ಕೊಡ್ತೀರಾ? ಸ್ವಲ್ಪ ದಿನ ಅಷ್ಟೆ."

ಅಕ್ಕ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳ ಮುಖ ಅರಳಿತ್ತು. "ಗ್ವಾಡಿಗೆ ತೂಗ ಹಾಕ್ತೀರೇನ್ರಿ? ಫೋಟೋ ಪೇಪರ್‌ನ್ಯಾಗ ಬರ್ತೈತೇನು?"

"ಬರಬಹುದು ಅಕ್ಕ."

"ಹೆರಿಗಿ ಇನ್ನಾ ದೂರ ಐತಿ," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನತ್ತ ತಿರುಗಿ, "ಮುಗದ ಮ್ಯಾಗ ನೀನ ತರಬೇಕು ನೋಡು. ಬಾಯಿ ತಗದ ಐತಿ, ಯಾರೂ ಮುಟ್ಟಬಾರದು," ಎಂದಳು. ಸೊಸೆ ಒಳಗಿನಿಂದ, "ಮಮ್ಮಿ, ಅದು ಅಲ್ಲೇ ಇರ್ಲಿ ಬಿಡು. ಮಗು ಬೆನ್ನಿಗೆ ಚುಚ್ಚುತ್ತೆ," ಎಂದು ಕೂಗಿದಳು. ಅವಳು ಈ ಊರಲ್ಲಿ ಹುಟ್ಟಿದವಳು.

ನನಗೆ ಇದೆಲ್ಲ ತಮಾಷೆಯಾಗಿ ಕಂಡಿತು. ಒಬ್ಬನಿಗೆ ತೆರೆದ ಮೂಲೆಯಲ್ಲಿ ಅರ್ಥ ಕಾಣುತ್ತದೆ, ಇನ್ನೊಬ್ಬಳಿಗೆ ಅಪಾಯ ಕಾಣುತ್ತದೆ. ನನಗೆ ಕಂಡದ್ದು ಹೊಲಿಗೆ ಬಿಟ್ಟ ಬಟ್ಟೆ. ನಡುವೆ ಕೂತು ಇಬ್ಬರನ್ನೂ ನೋಡಿ ಒಳಗೊಳಗೇ ನಗುತ್ತಾ ರೊಟ್ಟಿ ಮುರಿದೆ.

ಪ್ರದರ್ಶನದ ಮೊದಲ ದಿನ ಅಕ್ಕ ಇಳಕಲ್ ಸೀರೆ ಉಟ್ಟು, ಕಾಲೇಜಿಗೆ ರಜೆ ಹಾಕಿ ಬಂದಳು. ಆಟೋದಲ್ಲಿ ದಾರಿಯುದ್ದಕ್ಕೂ ಡ್ರೈವರಿಗೆ ತಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳಿದಳು. ಅವನು, "ಒಳ್ಳೇದಾಗ್ಲಿ ಬಿಡಮ್ಮ. ನಮ್ಮನೇಲೂ ಹಳೇ ಬಟ್ಟೆ ಸುಮಾರದೆ, ಕೊಡೋಣ್ವಾ?" ಎಂದ. ಅಕ್ಕ ಆಮೇಲೆ ಅವನೊಡನೆ ಮಾತಾಡಲಿಲ್ಲ.

ಗೋದಾಮಿನ ನಟ್ಟನಡುವಿನ ಗೋಡೆಯಲ್ಲೇ ಕೌದಿ ಇತ್ತು. ಎರಡು ಕೊಕ್ಕೆಗೆ ಸಿಕ್ಕಿಸಿ, ತೆರೆದ ಮೂಲೆ ಕೆಳಗೆ ಬರುವಂತೆ ತೂಗುಬಿಟ್ಟಿದ್ದರು. ಅದರ ಮೇಲೊಂದು ಸಣ್ಣ ದೀಪ. ಮೂಲೆಯ ಕೆಳಗೆ ನೆಲದ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ನೀರು. ಆ ನೀರು ಯಾಕೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಅಕ್ಕ ಹತ್ತಿರ ಹೋಗಿ ಮೂಲೆಯನ್ನು ಕೈಯಲ್ಲಿ ಹಿಡಿದಳು. ಬಾಯಿಯಿಂದ ನಾಲ್ಕಾರು ಬಿಳಿಯ ಎಳೆಗಳು ಹೊರಗೆ ಇಣುಕುತ್ತಿದ್ದವು. ಸುತ್ತ ಬಟ್ಟೆಗೆ ಕರಿ ಚುಕ್ಕೆ ಚುಕ್ಕೆಯಾಗಿ ಬೂಷ್ಟು ಹಿಡಿದಿತ್ತು. ಅವಳು ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಯಾರ ಹಾಕಿದ್ರು ಇದರಾಗ ಕಾಳು?"

ಗೆಳೆಯ ಖುಷಿಯಿಂದಲೇ ಬಂದ. "ನಾನೇ ಅಕ್ಕ. ತಂದಾಗಿಂದ ದಿನಾ ನೀರು ಸ್ಪ್ರೇ ಮಾಡ್ತಿದೀವಿ. ಇದು ಲಿವಿಂಗ್ ವರ್ಕ್. ಶೋ ಮುಗಿಯೋ ಹೊತ್ತಿಗೆ ಪೂರ್ತಿ ಪೈರು ಬರುತ್ತೆ."

"ನೀವು ನನ್ನ ಮಗಳ ಸೋದರಮಾವ ಏನ್ರಿ?"

"ಅಲ್ಲ ಅಕ್ಕ, ಆದ್ರೆ..."

"ಇದು ನಮ್ಮವ್ವನ ಸೀರಿ. ಕೊಳ್ಯಾಕತ್ತೈತಿ."

"ಮೊಳಕೆ ಬರೋದು ನಿಮ್ಮ ಟ್ರೆಡಿಷನ್ ಅಲ್ವಾ? ನಿಮ್ಮ ತಮ್ಮಾನೇ ಹೇಳಿದ್ದು. ನಿಮ್ಮ ತಾಯಿ ಕೌದಿಗೂ ಬಂದಿತ್ತಂತೆ."

ಅಕ್ಕ ನನ್ನನ್ನು ನೋಡಿದಳು. ಸುತ್ತ ಜನ ಸೇರಿದ್ದರು, ಯಾರೂ ಹತ್ತಿರ ಬರಲಿಲ್ಲ.

"ಯಾವ ಕೌದಿಗೋ ಮೊಳಕಿ?"

"ಹಿತ್ತಲದಾಗ. ಮಳಿಗಾಲದಾಗ. ಗೋಡೆಗೆ ನೇತಾಡ್ತಿತ್ತಲ್ಲ."

"ಅದು ಮಡಕಿ ಕಾಳು ಕಟ್ಟಿದ ಅರಿವಿನೋ ಹುಚ್ಚಪ್ಪಾ. ಪಲ್ಯಾಕ್ಕ ಮೊಳಕಿ ಬರ್ಲಿ ಅಂತ ಅವ್ವ ಗೂಟಕ್ಕ ತೂಗ ಹಾಕ್ತಿದ್ಲು. ಕೌದಿ ಯಾರರ ಮಳ್ಯಾಗ ಹಾಕ್ತಾರೇನು?"

ನಾನು ವಾದ ಮಾಡಲು ಬಾಯಿ ತೆರೆದೆ. ನನ್ನ ಚಿತ್ರದಲ್ಲಿ ಬಟ್ಟೆ ಇತ್ತು, ಗೋಡೆ ಇತ್ತು, ಮೊಳಕೆ ಇತ್ತು. ಕೌದಿಯ ಹೊಲಿಗೆಯ ಸಾಲುಗಳಿದ್ದವೋ ಎಂದು ನೋಡಿಕೊಂಡೆ, ಕಾಣಲಿಲ್ಲ. ಅದರ ದಪ್ಪ ಇತ್ತೋ ಎಂದು ನೋಡಿಕೊಂಡೆ. ನೋಡನೋಡುತ್ತಿದ್ದಂತೆ ಅದು ಗಂಟು ಕಟ್ಟಿದ ತೆಳು ಪಂಚೆಯಾಯಿತು. ಹಾಗೆಂದು ಅಕ್ಕನ ಮಾತನ್ನೂ ಪೂರ್ತಿ ನಂಬಲಾರೆ. ಅಪ್ಪ ಹೋದದ್ದು ಬೇಸಿಗೆಯಲ್ಲಿ ಎಂದು ಅವಳು ಸಾಧಿಸುತ್ತಾಳೆ, ನನಗೆ ಚಳಿಯಲ್ಲಿ ಬರಿಗಾಲಲ್ಲಿ ನಿಂತದ್ದು ನೆನಪಿದೆ. ಇಬ್ಬರಲ್ಲಿ ಒಬ್ಬರಾದರೂ ತಪ್ಪಿರಲೇಬೇಕು. ಆ ದಿನ ಮಾತ್ರ ಅವಳ ಕೈಯಲ್ಲಿ ಬೂಷ್ಟು ಹಿಡಿದ ಸೀರೆ ಇತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಕ್ಕ ಕುರ್ಚಿ ಎಳೆದು, ಹತ್ತಿ, ಎರಡೂ ಕೊಕ್ಕೆ ಬಿಡಿಸಿದಳು. ಗೆಳೆಯ ಕೆಳಗೆ ನಿಂತು, "ಅಕ್ಕ, ನಾಳೆ ಪೇಪರ್‌ನವರು ಬರ್ತಾರೆ, ಒಂದೇ ದಿನ," ಎಂದ. ಅಕ್ಕ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. "ಅವರಿಗೆ ಆ ನೀರಿನ ತಟ್ಟಿ ತೋರಸ್ರಿ," ಎಂದಳು. ಅವನು ನಿಜಕ್ಕೂ ತಟ್ಟೆಯನ್ನು ಅಲ್ಲೇ ಬಿಟ್ಟ. ಖಾಲಿ ಗೋಡೆ, ಕೆಳಗೆ ನೀರಿನ ತಟ್ಟೆ, ಮೇಲೆ ದೀಪ. ಪ್ರದರ್ಶನ ಮುಗಿಯುವವರೆಗೂ ಅದು ಹಾಗೇ ಇತ್ತು. ಬಂದ ಪೇಪರ್‌ನವರು ಉಳಿದ ಕಲಾಕೃತಿಗಳಿಗಿಂತ ಅದರ ಬಗ್ಗೆಯೇ ಹೆಚ್ಚು ಬರೆದರು.

ಮನೆಗೆ ಬಂದು ಅಕ್ಕ ಆ ಮೂಲೆಯನ್ನು ಕತ್ತರಿಸಿ ತೆಗೆದಳು. ಉಳಿದದ್ದನ್ನು ಬಿಸಿನೀರಲ್ಲಿ ಒಗೆದಳು. ಆ ವಾರವಿಡೀ ಮೋಡ. ಪೀಣ್ಯದ ಕಡೆಯಿಂದ ಬರುವ ಗಾಳಿಯಲ್ಲಿ ಮಸಿ ಇರುತ್ತದೆಂದು ತಾರಸಿಯ ಮೇಲೆ ಹಾಕುವಂತಿಲ್ಲ, ಒಳಗೆ ಹಾಕಿದರೆ ಒಣಗುವುದಿಲ್ಲ. ಬೆಳಿಗ್ಗೆ ತಾರಸಿ, ಮಧ್ಯಾಹ್ನ ನಡುಮನೆ, ಸಂಜೆ ಫ್ಯಾನಿನ ಕೆಳಗೆ ಎಂದು ಕೌದಿಯನ್ನು ಕಾಯಿಲೆಯವರನ್ನು ಮಗ್ಗುಲು ಬದಲಿಸಿದಂತೆ ಓಡಾಡಿಸಿದಳು. ಹೋದ ಮೂಲೆಗೆ ತೇಪೆ ಬೇಕಿತ್ತು. ತೇಪೆ ತವರಿನ ಬಟ್ಟೆಯದೇ ಆಗಬೇಕು. ಅವ್ವನ ಸೀರೆ ಎಲ್ಲವೂ ಕೌದಿಯೊಳಗೆ ಸೇರಿಹೋಗಿದ್ದವು.

"ತವರಮನಿ ಅಂದ್ರ ಈಗ ಯಾರೋ?" ಎಂದಳು ಅಕ್ಕ, ಕತ್ತರಿ ಹಿಡಿದು. "ನೀನ. ಬಿಚ್ಚು ಅಂಗಿ."

"ಇದು ಹೊಸಾದು."

"ಹೊಸಾದು ನಡ್ಯೂದಿಲ್ಲ. ಎಷ್ಟು ಸಲ ಒಗದಿ?"

"ಅಂದ್ರೆ ಹೊಸದು ಅಂದ್ರೆ ಹೊಸದಲ್ಲ, ಇಷ್ಟವಾದದ್ದು."

"ಹಂಗಾರ ನಡೀತೈತಿ."

ಅಂಗಿಯ ಬೆನ್ನು ಹೋಯಿತು. ಭಾವನ ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟು ಮೆಟ್ರೋದಲ್ಲಿ ಯಶವಂತಪುರದ ನನ್ನ ಮನೆಗೆ ಮರಳಿದೆ. ಪಕ್ಕದಲ್ಲಿ ಕೂತ ಒಬ್ಬ ಯಾವ ಶಿಫ್ಟು ಎಂದು ಕೇಳಿದ. ಜನರಲ್ ಎಂದೆ.

ಮರುದಿನ ಬೆಳಿಗ್ಗೆ ಬರೆಯಲು ಕೂತೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ. ಕೆಂಪು ದಾರದ ಕುರ್ಚಿ, ಪೆನ್ಸಿಲ್ ಗುರುತಿನ ಚೀಲ, ನೀರಿನ ತಟ್ಟೆ, ಎಲ್ಲವನ್ನೂ ಬಾಯಿಗೆ ಬಂದಂತೆ ಬೈದು ಬರೆದೆ. ಕೈ ನಿಲ್ಲಲಿಲ್ಲ. ಗೆಳೆಯನಿಗೆ ಕಳಿಸಿದೆ, ಅವನಿಗೆ ನೋವಾಗಲಿ ಎಂದೇ. ಅವನು ಫೋನ್ ಮಾಡಿ, "ಏನ್ ಮಗಾ, ಶುರು ಆಯ್ತಲ್ಲ. ಹೇಳಿರ್ಲಿಲ್ವಾ?" ಎಂದ. ಅವನನ್ನು ನೋಯಿಸುವುದು ಅಸಾಧ್ಯ. ಅವನು ಹೇಳಿದ್ದರಲ್ಲಿ ಸುಳ್ಳೂ ಇಲ್ಲ ಎಂಬುದು ನನ್ನನ್ನು ಇನ್ನಷ್ಟು ಕೆರಳಿಸಿತು. ಆದರೆ ಸ್ಫೂರ್ತಿ ಎಂಬ ಪದ ಬಳಸಲಾರೆ. ಕಣ್ಣಿಗೆ ಧೂಳು ಬಿದ್ದಾಗ ನೀರು ಬರುತ್ತದೆ, ಅದಕ್ಕೆ ಯಾರೂ ಧೂಳಿಗೆ ಕೈಮುಗಿಯುವುದಿಲ್ಲ.

ಕೌದಿಯ ಮೂಲೆ ಹೊಲಿಯಲು ಒಂದು ಒಳ್ಳೆ ದಿನ ನೋಡಿದ್ದಳು ಅಕ್ಕ. ಆ ದಿನ ಬರುವ ಮೊದಲೇ, ಒಂದು ಮಧ್ಯಾಹ್ನ, ಡಾಕ್ಟರು ಹೇಳಿದ್ದಕ್ಕಿಂತ ಮುಂಚೆ, ಸೊಸೆಗೆ ನೋವು ಶುರುವಾಯಿತು. ನಾನು ನಾಗಸಂದ್ರ ತಲುಪುವಷ್ಟರಲ್ಲಿ ದಾಸರಹಳ್ಳಿಯ ಆಸ್ಪತ್ರೆಗೆ ಹೊರಡಲು ಕಾರು ಬಾಗಿಲಲ್ಲಿತ್ತು. ಸೊಸೆ ಕಾರಿನೊಳಗಿನಿಂದ, "ಮಾಮಾ, ನೀನೂ ಬಾ," ಎಂದಳು. ಮುಖ ಬಿಳಿಚಿತ್ತು. ಅಕ್ಕ ನನ್ನ ಎದೆಗೆ ಕೈ ಅಡ್ಡ ಹಿಡಿದು, "ಬ್ಯಾಡ. ನೀ ಒಳಗ ಹೋಗಿ ಹೊಲಿ," ಎಂದಳು. ಕಾರು ಹತ್ತಿ ಬಾಗಿಲು ಎಳೆದುಕೊಂಡಳು.

ಮನೆಯಲ್ಲಿ ನಾನೊಬ್ಬನೇ. ಕೌದಿ ನಡುಮನೆಯಲ್ಲಿ ಹಾಸಿತ್ತು, ನಾಲ್ಕನೇ ಮೂಲೆಯಲ್ಲಿ ನನ್ನ ಅಂಗಿಯ ಗೆರೆ ಗೆರೆ ತೇಪೆ. ಸೂಜಿ, ಮೇಣ ಸವರಿದ ದಪ್ಪ ದಾರ, ಬಟ್ಟಲಲ್ಲಿ ಜೋಳ ಎಲ್ಲವೂ ಅಕ್ಕ ಇಟ್ಟಲ್ಲೇ ಇದ್ದವು. ಸೂಜಿಗೆ ದಾರ ಪೋಣಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಇದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಆಗುವುದಕ್ಕೂ ಈ ಬಟ್ಟೆಗೂ ಯಾವ ದಾರವೂ ಇಲ್ಲ. ಗೊತ್ತಿದ್ದೂ ನನ್ನ ಬೆರಳು ಅವಸರ ಮಾಡುತ್ತಿತ್ತು. ಬೇಗ, ಬೇಗ ಎಂದು ನಾನೇ ಗಟ್ಟಿಯಾಗಿ ಹೇಳಿಕೊಂಡದ್ದು ಕೇಳಿಸಿ ನಾಚಿಕೆಯಾಯಿತು. ಕಾಳು ಹಾಕಿದೆ. ಹೊಲಿಗೆಗಳು ಉದ್ದುದ್ದ, ಡೊಂಕು, ಒಂದರ ಮೇಲೊಂದು ಹತ್ತಿದ್ದವು. ಪದರ ದಪ್ಪಗಿತ್ತು, ಸೂಜಿ ಆಚೆ ಬರದೆ ಹೆಬ್ಬೆರಳಿಗೆ ಚುಚ್ಚಿತು.

ಫೋನ್ ಬಂದದ್ದು ನೆನಪಿದೆ. ಕೊನೆಯ ಗಂಟು ಹಾಕಿದ್ದು ನೆನಪಿದೆ. ದಾರವನ್ನು ಹಲ್ಲಿನಿಂದ ಕತ್ತರಿಸಿದ್ದು, ನಾಲಗೆಗೆ ಮೇಣದ ರುಚಿ ಹತ್ತಿದ್ದು ನೆನಪಿದೆ. ಫೋನಿನ ಆಚೆ ಮೊದಲು ಕೇಳಿದ್ದು ಅಕ್ಕನ ಅಳು, ಅದರ ಹಿಂದೆ ಇನ್ನೊಂದು ಸಣ್ಣ ಅಳು, ಬಹಳ ಸಿಟ್ಟಿನದು. ಕಿವಿಗೆ ಫೋನ್ ಇಟ್ಟುಕೊಂಡು ಗಂಟು ಹಾಕಿದೆನೋ, ಗಂಟು ಹಾಕಿ ಫೋನ್ ಎತ್ತಿದೆನೋ. ಎರಡೂ ಚಿತ್ರ ನನ್ನಲ್ಲಿ ಸಮನಾಗಿ ಸ್ಪಷ್ಟವಾಗಿವೆ. ಮಡಕಿ ಕಾಳಿನ ಬಟ್ಟೆಯ ನಂತರ ಸ್ಪಷ್ಟತೆಯನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ.

"ಹೆಣ್ಣು," ಎಂದಳು ಅಕ್ಕ. "ಇಬ್ರೂ ಆರಾಮ ಅದಾರ."

ನಾನು ಬಟ್ಟಲಿನ ಜೋಳದಲ್ಲಿ ಬೆರಳಾಡಿಸಿದೆ.

"ಕೇಳಸ್ತೇನೋ? ಹೊಲದಿ?"

"ಹೊಲದೆ."

"ಮೊದಲೋ, ಕೂಸು ಹುಟ್ಟಿದ ಮ್ಯಾಗೋ?"

ಗೊತ್ತಿಲ್ಲ ಎನ್ನುವುದು ಸತ್ಯ. ವಿಶ್ವವಿದ್ಯಾಲಯದಲ್ಲಿ ಕಲಿತ ಒಂದೇ ಒಂದು ಪ್ರಾಮಾಣಿಕ ಉತ್ತರವೂ ಅದೇ. ಫೋನಿನಾಚೆ ಅಕ್ಕ ಉಸಿರು ಹಿಡಿದು ಕಾಯುತ್ತಿದ್ದಳು.

"ಮೊದಲ," ಎಂದೆ.

ಅವಳು ಉಸಿರು ಬಿಟ್ಟಳು. ಫೋನನ್ನು ಬಾಯಿಂದ ದೂರ ಹಿಡಿದು ಮಗಳಿಗೋ ನರ್ಸಿಗೋ, "ಮೊದಲ ಹೊಲದಾನಂತ," ಎಂದದ್ದು ಕೇಳಿಸಿತು. ಆಮೇಲೆ ಮತ್ತೆ ನನಗೆ, ಆಫೀಸಿನ ಧ್ವನಿಯಲ್ಲಿ, "ಹಂಗಾರ ಮಡಚಿ ತಗೊಂಬಾ. ಆಟೋದಾಗ ನೆಲದ ಮ್ಯಾಲ ಇಡಬ್ಯಾಡ, ತೊಡಿ ಮ್ಯಾಲ ಇಟ್ಕೋ."

ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ.